ಹಿರಿತನದ ಅಳತೆಗೋಲು: ಕ್ರೈಸ್ತ ಸೇವಾದೃಷ್ಟಿ ಮತ್ತು ಮಂಗಳೂರಿನ ನಿದರ್ಶನ

ನಾಯಕನೆಂದರೆ ಮುಂದೆ ನಡೆಯುವವನು ಎಂಬುದು ರೂಢಿಯ ಅರ್ಥ. ಮುಂದೆ ನಡೆಯುವವನಿಗೆ ದಾರಿ ಮೊದಲು ತೆರೆಯುತ್ತದೆ. ಹಾರವೂ ಮೊದಲು ಬೀಳುತ್ತದೆ. ಸಭೆಯಲ್ಲಿ ಅವನ ಆಸನ ಎತ್ತರದ್ದು, ಪಂಕ್ತಿಯಲ್ಲಿ ಅವನ ಎಲೆ ಮೊದಲನೆಯದು, ಕಟ್ಟಡದ ಶಿಲಾಫಲಕದಲ್ಲಿ ಅವನ ಹೆಸರು ದಪ್ಪಕ್ಷರದ್ದು. ಈ ಮರ್ಯಾದೆಗಳೆಲ್ಲ ತಪ್ಪೆಂದು ಯಾರೂ ಹೇಳಲಾರರು. ಸಮಾಜವು ತನಗೆ ಉಪಕಾರ ಮಾಡಿದವರನ್ನು ಗೌರವಿಸುವುದು ಸಮಾಜದ ಆರೋಗ್ಯದ ಲಕ್ಷಣವೇ ಹೌದು. ಆದರೆ ಗೌರವವನ್ನು ಪಡೆದವನು ಅದನ್ನೇ ತನ್ನ ಹಿರಿತನದ ಅಳತೆಗೋಲೆಂದು ಭಾವಿಸತೊಡಗಿದ ದಿನ ಸಂಸ್ಥೆಯ ಅವನತಿ ಪ್ರಾರಂಭವಾಗುತ್ತದೆ. ಆಗ ಕುರ್ಚಿಯ ಎತ್ತರವನ್ನು ಕಾಯುವುದೇ ಕೆಲಸವಾಗಿ, ಕುರ್ಚಿಯನ್ನು ಯಾವ ಕೆಲಸಕ್ಕಾಗಿ ಹಾಕಲಾಗಿತ್ತೋ ಅದು ಮರೆತುಹೋಗುತ್ತದೆ.

ಹಿರಿತನವನ್ನು ಅಳೆಯಲು ಇನ್ನೊಂದು ಅಳತೆಗೋಲುಂಟು. ಯಾರ ಕೈಯೂ ಮುಂದಾಗದ ಕೆಲಸಕ್ಕೆ ಮೊದಲು ಯಾರ ಕೈ ಮುಂದಾಗುತ್ತದೆ ಎಂಬುದೇ ಆ ಅಳತೆ. ಎಲ್ಲ ಧರ್ಮಗಳ ಸತ್ಪುರುಷರೂ ಒಂದಲ್ಲ ಒಂದು ರೀತಿಯಲ್ಲಿ ಇದನ್ನು ಒಪ್ಪಿರುವರಾದರೂ, ಕ್ರೈಸ್ತ ಪರಂಪರೆಯು ಇದನ್ನು ತನ್ನ ಧರ್ಮಗ್ರಂಥದ ಒಂದು ಮುಖ್ಯ ಪ್ರಸಂಗದಲ್ಲಿಯೇ ನಿಲ್ಲಿಸಿದೆ. ಆ ಪ್ರಸಂಗದ ಅರ್ಥವೇನು, ಮಂಗಳೂರಿನ ಮಣ್ಣಿನಲ್ಲಿ ಅದು ಯಾವ ಬಗೆಯಲ್ಲಿ ಫಲಿಸಿತು, ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆ ಅದರಿಂದ ಕಲಿಯಬೇಕಾದುದೇನು ಎಂಬುದು ವಿಚಾರಾರ್ಹ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವಿದು. ಯೇಸುಕ್ರಿಸ್ತನು ಮರಣಕ್ಕೆ ಒಪ್ಪಿಸಲ್ಪಡುವ ಹಿಂದಿನ ರಾತ್ರಿ ತನ್ನ ಹನ್ನೆರಡು ಮಂದಿ ಶಿಷ್ಯರೊಡನೆ ಜೆರುಸಲೇಮಿನಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಧೂಳಿನ ದಾರಿಯಲ್ಲಿ ಬರಿಯ ಚಪ್ಪಲಿ ಮೆಟ್ಟಿ ನಡೆಯುವ ನಾಡದು. ಮನೆಗೆ ಬಂದವರ ಕಾಲು ತೊಳೆಯುವುದು ಮನೆಯ ಆಳುಗಳ ಕೆಲಸ; ಅದರಲ್ಲಿಯೂ ಕೊನೆಯ ಆಳಿನ ಕೆಲಸ. ಅದೇ ಭೋಜನದ ವೇಳೆಯಲ್ಲಿ ತಮ್ಮೊಳಗೆ ದೊಡ್ಡವನಾರು ಎಂದು ಶಿಷ್ಯರು ವಾದಿಸಿದರೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಎರಡನ್ನೂ ಜೊತೆಗಿರಿಸಿ ಓದಿದರೆ ಸಂದರ್ಭ ಸ್ಪಷ್ಟವಾಗುತ್ತದೆ: ದೊಡ್ಡವನಾರೆಂಬ ಚರ್ಚೆ ನಡೆಯುತ್ತಿದೆ, ಕಾಲುಗಳು ಮಾತ್ರ ಕೊಳೆಯಾಗಿಯೇ ಉಳಿದಿವೆ. ಆಗ ಗುರುವೇ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಒಬ್ಬೊಬ್ಬ ಶಿಷ್ಯನ ಪಾದವನ್ನೂ ತೊಳೆದು ಒರೆಸುತ್ತಾನೆ. ಗುರುವೂ ಒಡೆಯನೂ ಆದ ತಾನು ಮಾಡಿದುದನ್ನೇ ಅವರೂ ಒಬ್ಬರಿಗೊಬ್ಬರು ಮಾಡಬೇಕೆಂದು ಬಳಿಕ ತಿಳಿಸುತ್ತಾನೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಗುರುವು ತನ್ನ ಗುರುತ್ವವನ್ನು ಅಲ್ಲಗಳೆಯುವುದಿಲ್ಲ ಎಂಬುದು ಮೊದಲನೆಯದು. ತಾನೇನೂ ಅಲ್ಲ, ತನ್ನಲ್ಲೇನೂ ಇಲ್ಲ ಎಂಬ ಹುಸಿ ದೈನ್ಯ ಅಲ್ಲಿಲ್ಲ. ಗುರುವಾಗಿದ್ದುಕೊಂಡೇ ಆಳಿನ ಕೆಲಸವನ್ನು ಕೈಗೆತ್ತಿಕೊಂಡುದರಿಂದ ಆ ಕೆಲಸಕ್ಕೆ ಅರ್ಥ ಬಂದಿತು. ಪೇತ್ರನೆಂಬ ಶಿಷ್ಯನು ಮೊದಲು ಒಪ್ಪದೆ ಕಾಲು ಹಿಂದೆಗೆದುಕೊಂಡುದು ಎರಡನೆಯ ಅಂಶ. ಸೇವೆ ಮಾಡುವುದು ಎಷ್ಟು ಕಷ್ಟವೋ ಸೇವೆ ಮಾಡಿಸಿಕೊಳ್ಳುವುದೂ ಕೆಲವರಿಗೆ ಅಷ್ಟೇ ಕಷ್ಟ. ಅದಕ್ಕೂ ಅಹಂಕಾರ ಕರಗಬೇಕು. ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಅದೇ ರಾತ್ರಿ ಗುರುವನ್ನು ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿದ್ದನು. ಅವನ ಮನಸ್ಸು ಗುರುವಿಗೆ ತಿಳಿಯದೆ ಇರಲಿಲ್ಲ. ಆದರೂ ಅವನ ಪಾದಗಳನ್ನು ಬಿಟ್ಟು ಮುಂದೆ ಹೋದನೆಂದು ಸುವಾರ್ತೆ ಹೇಳುವುದಿಲ್ಲ. ಪ್ರತಿಫಲದ ಆಸೆಯಿದ್ದರೆ ಆ ಎರಡು ಪಾದಗಳನ್ನು ತೊಳೆಯಲು ಸಾಧ್ಯವಿರಲಿಲ್ಲ.

ಈ ಬೋಧನೆಯನ್ನು ಕ್ರೈಸ್ತ ಜಗತ್ತು ಆಚಾರದ ರೂಪದಲ್ಲಿ ಉಳಿಸಿಕೊಂಡಿದೆ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು ಧರ್ಮಗುರುಗಳು ದೇವಾಲಯದಲ್ಲಿ ಕೆಲವರ ಪಾದ ತೊಳೆಯುವ ವಿಧಿಯನ್ನು ಮಂಗಳೂರಿನ ಇಗರ್ಜಿಗಳಲ್ಲಿಯೂ ಕಾಣಬಹುದು. ಕ್ರಿ.ಶ. 590ರಿಂದ 604ರವರೆಗೆ ಪೋಪರಾಗಿದ್ದ ಮಹಾಗ್ರೆಗರಿಯವರು ದೇವರ ಸೇವಕರ ಸೇವಕನೆಂಬ ಬಿರುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಅವರ ಉತ್ತರಾಧಿಕಾರಿಗಳಲ್ಲಿ ಅದು ನಿಂತಿತು. ಆದರೆ ಬಿರುದಿಗೂ ವಿಧಿಗೂ ಒಂದು ಅಪಾಯವುಂಟು. ಸೇವಕನೆಂಬ ಬಿರುದನ್ನು ಹೊತ್ತು ಅರಸನಂತೆ ಬಾಳಿದವರು ರೋಮಿನ ಇತಿಹಾಸದಲ್ಲಿ ವಿರಳರಲ್ಲ. ವರ್ಷಕ್ಕೊಮ್ಮೆ ಮೊದಲೇ ತೊಳೆದು ತಂದ ಪಾದಗಳ ಮೇಲೆ ನೀರು ಸುರಿಯುವುದು ಸುಲಭ. 2013ರಲ್ಲಿ ಪೋಪ್ ಫ್ರಾನ್ಸಿಸರು ಆ ವಿಧಿಯನ್ನು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಕೊಂಡೊಯ್ದು, ಕ್ರೈಸ್ತರಲ್ಲದವರ ಮತ್ತು ಹೆಣ್ಣುಮಕ್ಕಳ ಪಾದಗಳನ್ನೂ ತೊಳೆದಾಗ ಕೆಲವರು ಸಂಪ್ರದಾಯ ಕೆಟ್ಟಿತೆಂದು ಕಳವಳಪಟ್ಟರು. ಕೆಟ್ಟುದು ಸಂಪ್ರದಾಯವಲ್ಲ, ಅದರ ಮೇಲೆ ಕೂತಿದ್ದ ಧೂಳು. 2025ರಲ್ಲಿ ದಿವಂಗತರಾದ ಆ ಪೋಪರನ್ನು ಜಗತ್ತು ನೆನೆಯುವಾಗ ಈ ಘಟನೆಯನ್ನು ಮರೆಯದಿರುವುದು ಆಕಸ್ಮಿಕವಲ್ಲ.

ಇನ್ನು ಮಂಗಳೂರಿನ ವಿಷಯ. 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳ ಮೊದಲ ತಂಡವೊಂದು ಮಂಗಳೂರಿನಲ್ಲಿ ಬಂದಿಳಿಯಿತು. ಅವರಲ್ಲಿ 1841ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ ಜನಿಸಿದ ಅಗಸ್ಟಸ್ ಮುಲ್ಲರ್ ಎಂಬವರೂ ಒಬ್ಬರು. ಆ ತಂಡದ ಮುಖ್ಯ ಸಂಕಲ್ಪಗಳಲ್ಲಿ ಒಂದು ಕಾಲೇಜು. ಅದು 1880ರಲ್ಲಿ ಸಂತ ಅಲೋಶಿಯಸರ ಹೆಸರಿನಲ್ಲಿ ಪ್ರಾರಂಭವಾಗಿ ಕರಾವಳಿಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ದೊಡ್ಡ ಸ್ಥಾನವನ್ನು ಪಡೆಯಿತು. ಅದೇ 1880ರಲ್ಲಿ ಮುಲ್ಲರರು ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು. ಒಂದು ಔಷಧದ ಪೆಟ್ಟಿಗೆ, ಒಂದು ಆಲದ ಮರದ ನೆರಳು, ಸುತ್ತ ನೆರೆದ ರೋಗಿಗಳು: ಇಷ್ಟೇ ಆ ಚಿಕಿತ್ಸಾಲಯದ ಆದಿಯೆಂದು ಸಂಸ್ಥೆಯ ಪರಂಪರೆ ನೆನೆಯುತ್ತದೆ. ಅವರು ಬಿಷಪರಾಗಿರಲಿಲ್ಲ. ಊರನ್ನು ಆಳುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಜನ ಅವರ ಹಿಂದೆ ಬಂದುದು ಅವರು ಕುಳಿತ ಪೀಠವನ್ನು ನೋಡಿಯಲ್ಲ.

ಕೇವಲ ಔಷಧ ಹಂಚುವುದೇ ಆಗಿದ್ದರೆ ಆ ಕೆಲಸವನ್ನು ಸತ್ಕಾರ್ಯವೆಂದು ಹೊಗಳಿ ಮುಂದೆ ಸಾಗಬಹುದಾಗಿತ್ತು. ಹೋಮಿಯೋಪಥಿ ಔಷಧಗಳು ರೋಗವನ್ನು ಗುಣಪಡಿಸುತ್ತವೆ ಎಂಬುದಕ್ಕೆ ವೈದ್ಯವಿಜ್ಞಾನದಲ್ಲಿ ವಿಶ್ವಾಸಾರ್ಹ ಆಧಾರವಿಲ್ಲ; ಆ ವಿಚಾರದ ವಿಸ್ತಾರಕ್ಕೆ ಇದು ಸ್ಥಳವಲ್ಲ. ಮುಲ್ಲರರ ನಾಯಕತ್ವದ ನಿಜವಾದ ಪರೀಕ್ಷೆಯಾದುದು ಯಾವ ಪದ್ಧತಿಯ ವೈದ್ಯರ ಬಳಿಯೂ ಮದ್ದಿಲ್ಲದಿದ್ದ ಎರಡು ರೋಗಗಳ ಮುಂದೆ.

ಮೊದಲನೆಯದು ಕುಷ್ಠ. ನಾರ್ವೆಯ ಹಾನ್ಸೆನ್ ಎಂಬ ವೈದ್ಯ 1873ರಲ್ಲಿ ಆ ರೋಗದ ಅಣುಜೀವಿಯನ್ನು ಗುರುತಿಸಿದ್ದನು; ಆದರೆ ಅದನ್ನು ನಿಶ್ಚಯವಾಗಿ ತಡೆಯಬಲ್ಲ ಔಷಧಕ್ಕೆ 1940ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ರೋಗಿಯ ಪಾಲಿಗೆ ಉಳಿದುದು ಊರಾಚೆಯ ಬದುಕು. ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ 1873ರಿಂದ ಕುಷ್ಠರೋಗಿಗಳ ನಡುವೆ ಬಾಳಿದ ಫಾದರ್ ಡೇಮಿಯನ್ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ತೀರಿಕೊಂಡಿದ್ದರು. ಆ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಅದರ ಮರುವರ್ಷ, 1890ರಲ್ಲಿ, ಮುಲ್ಲರರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಸಂತ ಜೋಸೆಫರ ಹೆಸರಿನ ಆಶ್ರಯಧಾಮವನ್ನು ತೆರೆದರು. ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಬೇರೆಯಾಗಿರಿಸಲು ಸರ್ಕಾರ ಕಾಯಿದೆ ಮಾಡಿದುದು 1898ರಲ್ಲಿ. ಕಾಯಿದೆ ರೋಗಿಯನ್ನು ದೂರವಿಡುವ ಬಗೆಯನ್ನು ಯೋಚಿಸುವ ಮೊದಲೇ ಒಬ್ಬನು ಹತ್ತಿರ ಹೋಗುವ ಬಗೆಯನ್ನು ಯೋಚಿಸಿದ್ದನು.

ಹತ್ತಿರ ಹೋಗಿ ಮಾಡಬೇಕಾದುದಾದರೂ ಏನು? ಕುಷ್ಠವು ನರಗಳನ್ನು ಕೊಲ್ಲುತ್ತದೆ. ಅಂಗಾಲಿಗೆ ಸ್ಪರ್ಶದ ಅರಿವು ಇಲ್ಲದಾಗುತ್ತದೆ. ಮುಳ್ಳು ಚುಚ್ಚಿದರೂ ಕಲ್ಲು ಕೊರೆದರೂ ಕೆಂಡ ಸುಟ್ಟರೂ ತಿಳಿಯದು. ನೋವಿಲ್ಲದ ಕಾರಣ ರೋಗಿ ಅದೇ ಕಾಲಿನಿಂದ ನಡೆಯುತ್ತಲೇ ಇರುತ್ತಾನೆ, ಗಾಯ ಹುಣ್ಣಾಗಿ ಎಲುಬಿಗೆ ಇಳಿಯುತ್ತದೆ. ಇದಕ್ಕಿರುವ ಶುಶ್ರೂಷೆ ಅತ್ಯಂತ ಸರಳ, ಅತ್ಯಂತ ಬೇಸರದ್ದು: ದಿನವೂ ಕಾಲನ್ನು ನೀರಿನಲ್ಲಿ ನೆನೆಸಬೇಕು, ತೊಳೆಯಬೇಕು, ಹುಣ್ಣನ್ನು ಶುಚಿಮಾಡಬೇಕು, ಒರೆಸಿ ಬಟ್ಟೆ ಕಟ್ಟಬೇಕು, ಮರುದಿನ ಅದನ್ನೇ ಮತ್ತೆ ಮಾಡಬೇಕು. ಸುವಾರ್ತೆಯಲ್ಲಿ ಒಂದು ರಾತ್ರಿ ನಡೆದ ಕಾರ್ಯವು ಇಂಥ ಆಶ್ರಯಧಾಮಗಳಲ್ಲಿ ನಿತ್ಯದ ಕೆಲಸವಾಗುತ್ತದೆ. ಇಲ್ಲಿ ಕಾಲು ತೊಳೆಯುವುದು ಯಾವುದರ ಸಂಕೇತವೂ ಅಲ್ಲ, ಅದೇ ಚಿಕಿತ್ಸೆ. ಕ್ರೈಸ್ತ ಸೇವಾದೃಷ್ಟಿಯ ತಿರುಳನ್ನು ಇದಕ್ಕಿಂತ ನೇರವಾಗಿ ತೋರಿಸುವ ನಿದರ್ಶನ ದುರ್ಲಭ.

ಎರಡನೆಯದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ದೇಶದ ಅನೇಕ ಪಟ್ಟಣಗಳನ್ನು ಹೊಕ್ಕು 1902ರಲ್ಲಿ ಮಂಗಳೂರನ್ನೂ ಮುಟ್ಟಿತು. ಪ್ಲೇಗು ಬಂದ ಊರುಗಳಲ್ಲಿ ಜನ ಮನೆಗೆ ಬೀಗ ಹಾಕಿ ಬಯಲಿಗೆ ಓಡುತ್ತಿದ್ದರು. ಬಂಧುಗಳೇ ರೋಗಿಯನ್ನು ಬಿಟ್ಟು ಹೋದ ಕಥೆಗಳು ಕನ್ನಡನಾಡಿನ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿದ್ದವು. ಅದೇ ವರ್ಷ ಕಂಕನಾಡಿಯಲ್ಲಿ ಪ್ಲೇಗು ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ ಸಿದ್ಧವಾಯಿತು. ಊರು ಓಡುತ್ತಿದ್ದ ದಿಕ್ಕಿಗೆ ಎದುರಾಗಿ ನಡೆಯುವವನನ್ನು ಮಾತ್ರ ಜನರು ನಾಯಕನೆಂದು ಒಪ್ಪುತ್ತಾರೆ. 1910ರ ನವೆಂಬರ್ 1ರಂದು ಮುಲ್ಲರರು ನಿಧನರಾದರು. ಆ ಪೆಟ್ಟಿಗೆಯ ಕೆಲಸ ನಿಲ್ಲಲಿಲ್ಲ. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜೂ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ಅದರ ಬುಡದಿಂದ ಚಿಗುರಿದವು. ಕರಾವಳಿಯ ಜನರ ಬಾಯಲ್ಲಿ ಆ ಆಸ್ಪತ್ರೆಗೆ ಇಂದಿಗೂ ಫಾದರ್ ಮುಲ್ಲರರದೇ ಹೆಸರು.

ಇಲ್ಲಿ ಹಣದ ಮಾತನ್ನೂ ಆಡಬೇಕು. ದಾನಿಗಳ ದೃಷ್ಟಿಯಿಂದ ಅದು ಅಪ್ರಸ್ತುತವಲ್ಲ. ಕಂಕನಾಡಿಯ ಔಷಧಶಾಲೆ ಬಡವರಿಗೆ ಧರ್ಮಾರ್ಥವಾಗಿ ಔಷಧ ಕೊಡುತ್ತಿದ್ದಂತೆಯೇ ಕೊಳ್ಳಬಲ್ಲವರಿಗೆ ಔಷಧವನ್ನು ಮಾರುತ್ತಲೂ ಇತ್ತು. ಅಲ್ಲಿಂದ ಹೊರಟ ಔಷಧಗಳು ದೇಶದ ದೂರದ ಊರುಗಳಿಗೂ ತಲುಪುತ್ತಿದ್ದವು. ಆ ಆದಾಯವು ಧರ್ಮಕಾರ್ಯಗಳಿಗೆ ಆಧಾರವಾಯಿತು. ಕೊಳ್ಳಬಲ್ಲವನು ಕೊಟ್ಟ ಹಣ ಕೊಳ್ಳಲಾರದವನ ಹುಣ್ಣಿಗೆ ಪಟ್ಟಿಯಾಯಿತು. ಸೇವೆಯೆಂದರೆ ಲೆಕ್ಕಪತ್ರವಿಲ್ಲದ ಔದಾರ್ಯವೆಂದು ತಿಳಿದವರು ಇದನ್ನು ಮನನ ಮಾಡಬೇಕು. ವಿನಯವಂತನಾದ ನಾಯಕನು ದಕ್ಷನೂ ಆಗಿರಬೇಕು; ಇಲ್ಲವಾದರೆ ಅವನ ವಿನಯದ ಬೆಲೆಯನ್ನು ಬಡವರು ತೆರಬೇಕಾಗುತ್ತದೆ.

ಇಷ್ಟನ್ನು ಕೇಳಿದ ವಿಚಾರವಂತರು ಒಂದು ಪ್ರಶ್ನೆಯನ್ನು ಕೇಳದೆ ಇರಲಾರರು. ಕೇಳುವುದು ನ್ಯಾಯವೂ ಹೌದು. ಮಿಷನರಿಗಳ ಸೇವೆ ಮತಾಂತರದ ಉದ್ದೇಶದಿಂದ ಮುಕ್ತವಾಗಿತ್ತೆ? ಬಲೆಯೊಳಗಿನ ಕಾಳಿಗೆ ದಾನವೆಂಬ ಹೆಸರು ಸಲ್ಲುತ್ತದೆಯೆ? ಈ ಪ್ರಶ್ನೆಯನ್ನು ಮುಚ್ಚಿಟ್ಟು ಮಂಗಳೂರಿನ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ. ಯೇಸುಸಭೆಯವರಿಗಿಂತ ಹಿಂದೆಯೇ, 1834ರಲ್ಲಿ, ಪ್ರಾಟೆಸ್ಟೆಂಟ್ ಪಂಥದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೆಲೆಯೂರಿತ್ತು. 1836ರಲ್ಲಿ ಅಲ್ಲಿಗೆ ಬಂದ ಹೆರ್ಮನ್ ಮೋಗ್ಲಿಂಗರು ಕನ್ನಡಿಗರ ಪಾಲಿಗೆ ಪ್ರಾತಃಸ್ಮರಣೀಯರು. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆ. ಟ್ಯೂಬಿಂಗೆನ್ನಿನಲ್ಲಿ ಓದಿ ಬಂದ ಆ ಪಂಡಿತರು ಮಂಗಳೂರಿನಲ್ಲಿ ತಮ್ಮ ವಿದ್ಯಾರ್ಥಿಗಳ ನಡುವೆಯೇ ವಾಸಮಾಡಿ ಅವರ ಊಟವನ್ನೇ ಉಂಡವರು. ಆದರೆ ಅದೇ ಮೋಗ್ಲಿಂಗರ ಪ್ರಭಾವದಿಂದ 1844ರಲ್ಲಿ ಆನಂದರಾವ್ ಕೌಂಡಿನ್ಯ ಮೊದಲಾದ ಸಾರಸ್ವತ ಬ್ರಾಹ್ಮಣ ತರುಣರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಮಂಗಳೂರಿನಲ್ಲಿ ಕೋಲಾಹಲವೇ ಆಯಿತು. ಮಗನನ್ನು ಕಳೆದುಕೊಂಡೆವೆಂದು ದುಃಖಿಸಿದ ಮನೆಗಳ ನೋವು ಸುಳ್ಳಲ್ಲ. ಸ್ವಂತ ನಂಬಿಕೆಯಿಂದ ದಾರಿ ಬದಲಿಸಿದ ತರುಣನ ಅಂತಃಸಾಕ್ಷಿಯೂ ಸುಳ್ಳಲ್ಲ. ಕೌಂಡಿನ್ಯರು ಮುಂದೆ ತಮ್ಮ ಜೀವಮಾನವನ್ನೆಲ್ಲ ಆ ನಂಬಿಕೆಗೇ ಮುಡಿಪಿಟ್ಟರು.

ಈ ಪ್ರಶ್ನೆಗೆ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ಯೂದನ ಪಾದಗಳನ್ನು ತೊಳೆದ ಆ ಪ್ರಸಂಗವೇ ಉತ್ತರ ಹೇಳುತ್ತದೆ. ತೊಳೆಯುವವನಿಗೆ ತೊಳೆಸಿಕೊಂಡವನಿಂದ ಏನೂ ದೊರಕದು ಎಂದು ಗೊತ್ತಿದ್ದೂ ನಡೆದ ಸೇವೆ ಅದು. ಆದುದರಿಂದ ರೋಗಿಯ ನಂಬಿಕೆಯನ್ನು ಬೆಲೆಯಾಗಿ ಕೇಳುವ ಸೇವೆಯು ಎಲ್ಲೆಲ್ಲಿ ನಡೆದಿದ್ದರೂ ಅದು ಕ್ರೈಸ್ತ ಅಳತೆಗೋಲಿನಲ್ಲಿಯೇ ಸೋಲುತ್ತದೆ. ಬಡವನ ಹಸಿವನ್ನು ಬಳಸಿಕೊಂಡು ಸಂಖ್ಯೆಯನ್ನು ಬೆಳೆಸುವವನು ಕಾಲು ತೊಳೆಯುತ್ತಿಲ್ಲ. ಕಾಲಿಗೆ ಹಗ್ಗ ಕಟ್ಟುತ್ತಿದ್ದಾನೆ. ಹಾಗೆಯೇ, ಸೇವೆ ಮಾಡಿದ ಪ್ರತಿಯೊಬ್ಬ ಕ್ರೈಸ್ತನಲ್ಲಿಯೂ ಹಗ್ಗವನ್ನೇ ಹುಡುಕುವುದು ಹುಣ್ಣು ತೊಳೆದ ಕೈಗಳಿಗೆ ಮಾಡುವ ಅನ್ಯಾಯ. ಮೋಗ್ಲಿಂಗರ ಜೀವನದಲ್ಲಿಯೇ ಇದರ ಇನ್ನೊಂದು ಮುಖವಿದೆ. 1848ರಿಂದ 1853ರವರೆಗೆ ಅವರು ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದ ಕನ್ನಡ ಕಾವ್ಯಮಾಲೆಯಲ್ಲಿ ಜೈಮಿನಿ ಭಾರತವಿತ್ತು, ದಾಸರ ಪದಗಳಿದ್ದವು, ಬಸವಪುರಾಣವೂ ಇತ್ತು. ಇತರರ ನಂಬಿಕೆಯನ್ನು ಬದಲಿಸಲೆಂದು ಬಂದವರು ಅದನ್ನು ತಿಳಿಯಲು ಅವರ ಪುಸ್ತಕಗಳ ಮುಂದೆ ಶಿಷ್ಯರಾಗಿ ಕುಳಿತರು. ಅದರ ಫಲವಾಗಿ ತಾಳೆಗರಿಯಲ್ಲಿದ್ದ ಕಾವ್ಯಗಳು ಕನ್ನಡಿಗರ ಕೈಗೆ ಅಚ್ಚಾಗಿ ಬಂದವು. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಅದೇ ಮಂಗಳೂರಿನಿಂದ ಹೊರಬಂದಿತು. ಪರಭಾಷೆಯ ಒಂದೊಂದು ಶಬ್ದವನ್ನೂ ಆಡುವವರ ಬಾಯಿಂದ ಕೇಳಿ ಕಲಿಯುವುದಕ್ಕೆ ಬೇಕಾದ ತಾಳ್ಮೆಯೂ ವಿನಯದ ಒಂದು ರೂಪವೇ. ಕಲಿಸಲು ಬಂದವನು ಮೊದಲು ಕಲಿಯಲು ಕುಳಿತುದು, ಪೇತ್ರನು ಕೊನೆಗೆ ಕಾಲು ಮುಂದೆ ಚಾಚಿದುದಕ್ಕೆ ಸಮಾನ.

ಸೇವೆಯ ನಾಯಕತ್ವವು ಯಾವ ಒಂದು ಮತದ ಆಸ್ತಿಯೂ ಅಲ್ಲವೆಂಬುದಕ್ಕೆ ಮಂಗಳೂರೇ ಸಾಕ್ಷಿ. ಮುಲ್ಲರರು ಕುಷ್ಠರೋಗಿಗಳ ನಡುವೆ ಇದ್ದ ಕಾಲದಲ್ಲಿಯೇ, 1897ರಲ್ಲಿ, ಕುದ್ಮುಲ್ ರಂಗರಾಯರು ದಲಿತರ ವಿದ್ಯಾಭ್ಯಾಸ ಮತ್ತು ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ, ವಕೀಲಿಯ ಸುಖವನ್ನು ಬಿಟ್ಟು, ಶಾಲೆಗೆ ಮಕ್ಕಳನ್ನು ಕರೆತರಲು ದಲಿತರ ಕೇರಿಗಳಲ್ಲಿ ನಡೆದವರು ಅವರು. ತಮ್ಮ ಶಾಲೆಯಲ್ಲಿ ಓದಿದ ಮಕ್ಕಳು ಮುಂದೊಂದು ದಿನ ಅಧಿಕಾರಿಗಳಾಗಿ ವಾಹನದಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂದು ಅವರು ಬಯಸಿದುದು ಪ್ರಸಿದ್ಧವಾಗಿದೆ. ಪಾದದ ಧೂಳನ್ನು ತೊಳೆಯುವ ಆದರ್ಶವೂ ಆ ಧೂಳನ್ನು ತಲೆಯ ಮೇಲೆ ಧರಿಸುವ ಆದರ್ಶವೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಪರಸ್ಪರ ಹತ್ತಿರದಲ್ಲಿ ಬೆಳೆದವು. ಮಠದ ಶಾಲೆಯಲ್ಲಿ ಓದಿದವರಿಗೆ ದಾಸೋಹವೆಂಬ ಶಬ್ದವನ್ನು ವಿವರಿಸುವ ಅಗತ್ಯವಿಲ್ಲ. ಅನ್ನ ಬಡಿಸುವವನು ತಾನು ದಾಸನೆಂಬ ಭಾವವನ್ನು ಮರೆಯದಿರಲೆಂದೇ ಆ ಶಬ್ದದ ಮೊದಲಲ್ಲಿ ದಾಸನಿದ್ದಾನೆ.

ಹೀಗಿದ್ದರೂ ಇಂದಿನ ಸ್ಥಿತಿ ಚಿಂತೆಗೆ ಎಡೆಯಿಲ್ಲದ್ದಲ್ಲ. 1970ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಎಂಬವರು ಸೇವಕನೇ ನಾಯಕನೆಂಬ ವಿಚಾರವನ್ನು ಒಂದು ಪ್ರಬಂಧದಲ್ಲಿ ಮಂಡಿಸಿದರು. ಸೇವೆಗೆ ಪಾತ್ರರಾದವರು ಬೆಳೆದರೆ, ಹೆಚ್ಚು ಸ್ವತಂತ್ರರಾದರೆ, ತಾವೂ ಸೇವಕರಾಗಲು ಮುಂದಾದರೆ ಮಾತ್ರ ಆ ನಾಯಕತ್ವ ನಿಜವಾದುದು ಎಂಬುದು ಅವರ ಪರೀಕ್ಷೆ. ಒಳ್ಳೆಯ ವಿಚಾರವೇ ಸರಿ. ಆದರೆ ಆಡಳಿತ ತರಬೇತಿಗಳಲ್ಲಿ ಆ ಮಾತು ಈಗ ಒಂದು ಪಾಠವಾಗಿ, ಪಾಠವು ಪ್ರಮಾಣಪತ್ರವಾಗಿ, ಪ್ರಮಾಣಪತ್ರವು ಗೋಡೆಯ ಅಲಂಕಾರವಾಗಿ ಮುಗಿಯುತ್ತಿದೆ. ಆಹ್ವಾನಪತ್ರಿಕೆಗಳಲ್ಲಿ ಸೇವಕರೆಂದು ಸಹಿ ಹಾಕುವವರು ವೇದಿಕೆಯಲ್ಲಿ ಆಸನದ ಕ್ರಮ ತಪ್ಪಿತೆಂದು ಮುನಿಸಿಕೊಳ್ಳುವುದುಂಟು. ಕ್ರೈಸ್ತ ಸಂಸ್ಥೆಗಳೂ ಈ ರೋಗಕ್ಕೆ ಹೊರತಲ್ಲ. ಕರಾವಳಿಯ ಕ್ರೈಸ್ತ ಸಮಾಜವು ಜಾತಿಯ ಮೇಲುಕೀಳನ್ನು ಮತಾಂತರದ ಬಳಿಕವೂ ಬಹುಕಾಲ ಬಿಡಲಿಲ್ಲ. ಒಂದೇ ಬಲಿಪೀಠದ ಮುಂದೆ ಮಂಡಿಯೂರಿದವರು ಮದುವೆಯ ಮಾತು ಬಂದಾಗ ಪೂರ್ವಜರ ಜಾತಿಯನ್ನು ನೆನೆದುಕೊಂಡರು. ಬೋಧನೆ ಎಷ್ಟು ಎತ್ತರದ್ದಾದರೂ ಬೋಧನೆಯ ಒಡೆತನ ಆಚರಣೆಯಾಗುವುದಿಲ್ಲ.

ಸಂಸ್ಥೆ ಬೆಳೆದಷ್ಟೂ ಈ ಅಪಾಯವೂ ಬೆಳೆಯುತ್ತದೆ. ಮರದಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕುಳಿತವನಿಗೆ ರೋಗಿಯ ಮುಖ ಕಾಣುತ್ತದೆ. ಐದನೆಯ ಮಹಡಿಯ ಕೋಣೆಯಲ್ಲಿ ಕುಳಿತವನಿಗೆ ಕಡತ ಕಾಣುತ್ತದೆ. ಕಡತಗಳೂ ಬೇಕು, ಮಹಡಿಯೂ ಬೇಕು. ಅವುಗಳಿಲ್ಲದೆ ಸಾವಿರಾರು ಜನರಿಗೆ ಚಿಕಿತ್ಸೆಯನ್ನಾಗಲಿ ವಿದ್ಯೆಯನ್ನಾಗಲಿ ಒದಗಿಸಲು ಸಾಧ್ಯವಿಲ್ಲ. ಆದರೆ ಸಂಸ್ಥೆಯ ಮುಖ್ಯಸ್ಥನು ತನ್ನ ಕೈಯಲ್ಲಿ ಒಂದಾದರೂ ಕೆಳಗಿನ ಕೆಲಸವನ್ನು ಇಟ್ಟುಕೊಳ್ಳದಿದ್ದರೆ ಅವನಿಗೂ ಸಂಸ್ಥೆಯ ಉದ್ದೇಶಕ್ಕೂ ನಡುವಣ ನಂಟು ಮೆಲ್ಲನೆ ಕಡಿದುಹೋಗುತ್ತದೆ. ಆ ಕೆಲಸ ಪ್ರದರ್ಶನದ್ದಾಗಿರಬಾರದು, ವರ್ಷಕ್ಕೊಮ್ಮೆಯದೂ ಆಗಿರಬಾರದು. ಪೊರಕೆ ಹಿಡಿದು ಛಾಯಾಚಿತ್ರಕ್ಕೆ ನಿಲ್ಲುವುದರಿಂದ ಅಂಗಳ ಶುಚಿಯಾಗುವುದಿಲ್ಲ.

ಪಾಠಶಾಲೆಯಲ್ಲಿ ಕಾಲು ತೊಳೆಯುವುದೆಂದರೆ ಏನು? ಪ್ರತಿ ಶಾಲೆಯಲ್ಲಿಯೂ ಯಾವ ಅಧ್ಯಾಪಕನೂ ಬಯಸದ ಒಂದು ತರಗತಿಯಿರುತ್ತದೆ. ಎಂಟನೆಯ ತರಗತಿಗೆ ಬಂದರೂ ಓದಲು ಬಾರದ ಮಕ್ಕಳು, ಮನೆಯಲ್ಲಿ ಅಕ್ಷರ ಕಲಿತ ಒಬ್ಬರೂ ಇಲ್ಲದ ಮಕ್ಕಳು, ಪರೀಕ್ಷೆಯ ಶೇಕಡಾವಾರನ್ನು ಕೆಳಗಿಳಿಸುವರೆಂದು ಹಿಂದಿನ ಬೆಂಚಿಗೆ ಸರಿಸಲ್ಪಟ್ಟ ಮಕ್ಕಳು ಅಲ್ಲಿರುತ್ತಾರೆ. ಮೊದಲ ದರ್ಜೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೀರ್ತಿಯನ್ನು ಸಹೋದ್ಯೋಗಿಗಳಿಗೆ ಬಿಟ್ಟು, ಆ ಕೊನೆಯ ತರಗತಿಯನ್ನು ತನಗೆಂದು ಆರಿಸಿಕೊಳ್ಳುವ ಮುಖ್ಯೋಪಾಧ್ಯಾಯನು ವಿನಯದ ಮೇಲೆ ಒಂದು ಉಪನ್ಯಾಸವನ್ನೂ ಮಾಡಬೇಕಾಗಿಲ್ಲ. ಅವನನ್ನು ಕಂಡು ಉಳಿದ ಅಧ್ಯಾಪಕರು ಕಲಿಯುವರು. ಆ ಶ್ರಮವೂ ಹುಣ್ಣು ತೊಳೆಯುವ ಶ್ರಮದಂತೆಯೇ: ದಿನವೂ ಅದೇ ಅಕ್ಷರ, ಅದೇ ತಪ್ಪು, ಅದೇ ತಿದ್ದುವಿಕೆ, ಫಲ ಕಾಣುವುದು ತಡವಾಗಿ, ಚಪ್ಪಾಳೆ ಕೇಳುವುದು ಎಂದೂ ಇಲ್ಲ.

ಒಂದು ಎಚ್ಚರಿಕೆಯೂ ಅವಶ್ಯಕ. ಕೀಳೆಂದು ಎಣಿಸಲ್ಪಟ್ಟ ಕೆಲಸವನ್ನು ಮಕ್ಕಳಿಂದ, ಅದರಲ್ಲಿಯೂ ಬಡ ಮಕ್ಕಳಿಂದ ಮತ್ತು ಕೆಳಜಾತಿಯೆನಿಸಿಕೊಂಡ ಮಕ್ಕಳಿಂದ ಮಾಡಿಸಿ, ಅದನ್ನು ಸೇವಾಶಿಕ್ಷಣವೆಂದು ಕರೆಯುವುದು ಈ ಆದರ್ಶದ ಅಪಹಾಸ್ಯ. ಸುವಾರ್ತೆಯ ಗುರು ಶಿಷ್ಯರ ಕೈಗೆ ಬೋಗುಣಿ ಕೊಟ್ಟು ತಾನು ಕುಳಿತು ನೋಡಲಿಲ್ಲ. ಕೆಳಗಿನವನನ್ನು ಇನ್ನಷ್ಟು ಬಗ್ಗಿಸುವುದು ವಿನಯದ ಶಿಕ್ಷಣವಲ್ಲ. ಬಗ್ಗಬೇಕಾದವನು ಎತ್ತರದಲ್ಲಿರುವವನು.

ದಾನಿಗಳಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ. ಸಭಾಭವನಕ್ಕೆ ದಾನಿಗಳು ಸುಲಭವಾಗಿ ದೊರೆಯುತ್ತಾರೆ. ಅದರ ಮುಂದೆ ಹೆಸರು ಕೊರೆಸಲು ಕಲ್ಲು ಸಿದ್ಧವಿರುತ್ತದೆ. ವಿದ್ಯಾರ್ಥಿನಿಲಯದ ಸೋರುವ ಮಾಡಿಗೆ, ಹೆಣ್ಣುಮಕ್ಕಳ ಶೌಚಗೃಹದ ನೀರಿಗೆ, ಮೂವತ್ತು ವರ್ಷ ಅಡಿಗೆಮನೆಯಲ್ಲಿ ದುಡಿದ ಮುದುಕಿಯ ಔಷಧಕ್ಕೆ ಹಣ ಕೊಡುವವರು ವಿರಳ. ಅಲ್ಲಿ ಹೆಸರು ಕೊರೆಸಲು ಸ್ಥಳವಿಲ್ಲ. ಹೆಸರಿಗೆ ಸ್ಥಳವಿಲ್ಲದ ಕಡೆಯಲ್ಲಿಯೇ ದಾನವು ಸೇವೆಯಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಕರ್ತವ್ಯವೂ ಬೇರೆಯಲ್ಲ. ಶಾಲೆಯಿಂದ ದೊಡ್ಡವರಾಗಿ ಹೋದವರು ಮುಖ್ಯ ಅತಿಥಿಗಳಾಗಿ ಮರಳಿ ಬರುವುದು ಸಂತೋಷದ ಸಂಗತಿ. ಅವರು ಒಂದು ವಾರ ಆ ಕೊನೆಯ ತರಗತಿಯ ಮಕ್ಕಳ ಬಳಿ ಕುಳಿತುಕೊಳ್ಳಲು ಬಂದರೆ ಸಂತೋಷ ಇಮ್ಮಡಿಯಾದೀತು.

ಪೇತ್ರನ ಪಾಠವನ್ನೂ ಮರೆಯಲಾಗದು. ಸೇವೆ ಮಾಡುವ ನಾಯಕರಲ್ಲಿ ಅನೇಕರು ಕೊಡುವುದರಲ್ಲಿ ಧಾರಾಳಿಗಳು, ತೆಗೆದುಕೊಳ್ಳುವುದರಲ್ಲಿ ಕೃಪಣರು. ಕಿರಿಯ ಅಧ್ಯಾಪಕನ ತಿದ್ದುಪಡಿ, ಜವಾನನ ದೂರು, ಪೋಷಕನ ಅಸಮಾಧಾನ ಅವರ ಕಿವಿಗೆ ಬೀಳುವುದಿಲ್ಲ. ಎಲ್ಲರ ಕಾಲನ್ನೂ ತೊಳೆಯಬಲ್ಲೆನೆಂಬ ಹೆಮ್ಮೆಯುಳ್ಳವನು ತನ್ನ ಕಾಲಿಗೂ ಧೂಳು ಅಂಟಿದೆಯೆಂದು ಒಪ್ಪಬೇಕು. ಸಂಸ್ಥೆಯ ಲೆಕ್ಕಪತ್ರವನ್ನು ಇತರರ ಕಣ್ಣಿಗೆ ತೆರೆದಿಡುವುದು, ತನ್ನ ತೀರ್ಮಾನವನ್ನು ಕೆಳಗಿನವರು ಪ್ರಶ್ನಿಸಲು ಎಡೆಗೊಡುವುದು, ಸಕಾಲದಲ್ಲಿ ಇನ್ನೊಬ್ಬರಿಗೆ ಸ್ಥಾನ ಬಿಟ್ಟುಕೊಡುವುದು: ಇವು ನಾಯಕನು ತನ್ನ ಪಾದವನ್ನು ಮುಂದೆ ಚಾಚುವ ಬಗೆಗಳು.

ಕಂಕನಾಡಿಯ ಚರಿತ್ರೆಯಲ್ಲಿ ಮುಲ್ಲರರ ಹೆಸರು ಉಳಿದಿದೆ. ಅವರೊಡನೆ ಹುಣ್ಣು ತೊಳೆದವರ, ಪಟ್ಟಿ ಕಟ್ಟಿದವರ, ಪ್ಲೇಗಿನ ವಾರ್ಡಿನಲ್ಲಿ ನೀರು ಹೊತ್ತವರ, ನೆಲ ಸಾರಿಸಿದವರ ಹೆಸರುಗಳಲ್ಲಿ ಬಹುಪಾಲು ಯಾವ ಫಲಕದಲ್ಲಿಯೂ ಇಲ್ಲ. ಒಬ್ಬನು ಮೊದಲು ಕೈ ಹಾಕಿದುದರಿಂದ ಅವರ ಕೈಗಳೂ ಮುಂದಾದವು. ಅವರ ಕೈಗಳಿಲ್ಲದೆ ಆ ಒಬ್ಬನ ಕೆಲಸ ಅವನೊಡನೆಯೇ ಮುಗಿದುಹೋಗುತ್ತಿತ್ತು. ಸೇವೆಯ ನಾಯಕತ್ವದ ಫಲವೆಂದರೆ ಇದೇ. ಸ್ಮರಣ ಸಂಪುಟಗಳು ಹೆಸರುಗಳನ್ನು ಉಳಿಸುತ್ತವೆ; ಅದು ಅವುಗಳ ಧರ್ಮ. ಹೆಸರು ಉಳಿಯದವರ ಕೆಲಸವನ್ನು ಉಳಿಸಿ ಮುಂದುವರಿಸುವುದು ಅವುಗಳನ್ನು ಓದುವವರ ಧರ್ಮವಾಗಲಿ.